ದೇವರ ಹೆಸರಿಲ್ಲದ ಮೊದಲ ಸಾಲು

1949ರ ಅಕ್ಟೋಬರ್ 17ರಂದು ದಿಲ್ಲಿಯ ಸಂವಿಧಾನ ಸಭೆಯಲ್ಲಿ ದೇವರ ಹೆಸರು ಮತಕ್ಕೆ ಬಿತ್ತು. ಮತಕ್ಕೆ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು, ಐಸಿಎಸ್ ನೌಕರಿ ಬಿಟ್ಟು ಸುಭಾಷರ ಹಿಂದೆ ಹೋದವರು. ಪೀಠಿಕೆಯಲ್ಲಿ ‘ನಾವು, ಭಾರತದ ಜನ’ ಎನ್ನುವುದಕ್ಕಿಂತ ಮೊದಲು ‘ದೇವರ ಹೆಸರಿನಲ್ಲಿ’ ಎಂಬ ಮಾತು ಇರಬೇಕು ಎಂಬುದು ಅವರ ತಿದ್ದುಪಡಿ. ಎಂಟನೆಯ ತರಗತಿಯ ನಾಗರಿಕಶಾಸ್ತ್ರವನ್ನು ನಾನು ಪ್ರತಿ ವರ್ಷವೂ ಈ ದಿನದಿಂದಲೇ ಶುರು ಮಾಡುತ್ತೇನೆ. ಪಠ್ಯಪುಸ್ತಕದಲ್ಲಿ ಇದು ಇಲ್ಲ. ಪುಸ್ತಕದ ಮೊದಲ ಪುಟಗಳಲ್ಲಿ ಪೀಠಿಕೆ ಅಚ್ಚಾಗಿದೆ, ಒಳಗೆ ಸಂಸತ್ತು, ಕಾರ್ಯಾಂಗ, ನ್ಯಾಯಾಂಗ ಎಂದು ಪಾಠಗಳಿವೆ. ಆ ಪೀಠಿಕೆಯ ಮೊದಲ ಮಾತಿಗಾಗಿ ಒಂದು ದಿನ ಜಗಳ ನಡೆದಿತ್ತು ಎಂದು ಗೊತ್ತಾಗದ ಹೊರತು ಒಳಗಿನ ಪಾಠಗಳು ಹುಡುಗರಿಗೆ ಬರೀ ಬಾಯಿಪಾಠ.

ನಾನು ಪಾಠ ಮಾಡುವುದು ಮುಂಬಯಿ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ. ಉಡುಪಿ, ಕುಂದಾಪುರ, ಬೆಳ್ತಂಗಡಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು ಹಗಲೆಲ್ಲ ದುಡಿದು ಸಂಜೆ ಓದಲಿ ಎಂದು ನಮ್ಮ ಹಿರಿಯರು ಈ ಊರಿನಲ್ಲಿ ಇಂಥ ಶಾಲೆಗಳನ್ನು ಕಟ್ಟಿದರು. ಈಗ ಕರಾವಳಿಯ ಹುಡುಗರು ಕಡಿಮೆ. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಬೆಂಚಿನಲ್ಲಿ ಕೂರುತ್ತಾರೆ. ಕೆಲವರ ಅಂಗಿಗೆ ಸಾಂಬಾರಿನ ವಾಸನೆ, ಕೆಲವರ ಕೈಗೆ ಸಿಮೆಂಟಿನ ಬಿರುಕು. ಕಾಮತರು ಮಂಗಳೂರಿನವರು ಎಂದ ಕೂಡಲೇ ಕರಾವಳಿಯವರು ನೆಟ್ಟಗೆ ಕೂರುತ್ತಾರೆ.

ಅಂದಿನ ಚರ್ಚೆಯನ್ನು ನಾನು ಬಿಡಿಬಿಡಿಸಿ ಹೇಳುತ್ತೇನೆ. ಅಧ್ಯಕ್ಷ ಪೀಠದಲ್ಲಿದ್ದವರು ದೈವಭಕ್ತರಾದ ರಾಜೇಂದ್ರ ಪ್ರಸಾದರು. ಅಸ್ಸಾಮಿನ ರೋಹಿಣಿ ಕುಮಾರ ಚೌಧರಿ ಎದ್ದು, ನಾವು ಕಾಮರೂಪದ ಶಕ್ತಿಯ ಆರಾಧಕರು, ದೇವರೊಬ್ಬನ ಹೆಸರು ಬಂದರೆ ದೇವಿಯ ಗತಿ ಏನು ಎಂದು ಕೇಳಿದರು. ತಿರುವಾಂಕೂರಿನ ಥಾನು ಪಿಳ್ಳೈ ತಾವು ಆಸ್ತಿಕರೆಂದು ಹೇಳಿಕೊಂಡೇ, ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದು ವಿರೋಧಿಸಿದರು. ಹೃದಯನಾಥ ಕುಂಜ್ರೂ ಅವರ ಆಕ್ಷೇಪವೂ ಅದೇ ಜಾಡಿನದು. ಪೂರ್ಣಿಮಾ ಬ್ಯಾನರ್ಜಿ ದೇವರ ಮೇಲೆ ಮತ ಹಾಕುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಎಂದು ಕಾಮತರನ್ನು ಕೇಳಿಕೊಂಡರು. ಕಾಮತರು ಹಿಂದೆ ಸರಿಯಲಿಲ್ಲ. ಪರ 41, ವಿರೋಧ 68. ತಿದ್ದುಪಡಿ ಬಿದ್ದುಹೋಯಿತು.

“ಹಾಗಾದ್ರೆ ದೇವರು ಸೋತದ್ದಾ ಸರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ನಾನು ದಿನವೂ ದೀಪ ಹಚ್ಚುವವನು. ಅಂದು ವಿರೋಧ ಮತ ಹಾಕಿದ ಆಸ್ತಿಕರು ದೇವರಿಗೆ ದೊಡ್ಡ ಗೌರವವನ್ನೇ ಸಲ್ಲಿಸಿದರು ಎಂದು ನಂಬಿದ್ದೇನೆ. ಕಾಮತರ ಪರವಾಗಿ ಹದಿನಾಲ್ಕು ಮಂದಿ ಆಚೆಯಿಂದ ಈಚೆಗೆ ಬಂದಿದ್ದರೆ ದೇವರು ಗೆದ್ದಂತಾಗುತ್ತಿತ್ತೇ? ಬಹುಮತದಿಂದ ಗೆಲ್ಲುವ ದೇವರು ಮುಂದೊಂದು ದಿನ ಬಹುಮತದಿಂದಲೇ ಸೋಲಬಹುದು. ಆ ಲೆಕ್ಕದಿಂದ ಅವನನ್ನು ಹೊರಗಿಟ್ಟದ್ದೇ ಸರಿ.

ಇದಕ್ಕಿಂತ ಆಳವಾದ ಪ್ರಶ್ನೆ ಬಂದದ್ದು ಬೆಳ್ತಂಗಡಿ ಕಡೆಯ ಒಬ್ಬ ಹುಡುಗನಿಂದ. ಅವನು ಹತ್ತಿರದ ಹೋಟೆಲಿನಲ್ಲಿ ಕೆಲಸಕ್ಕಿದ್ದ, ವಕೀಲರ ಆಫೀಸುಗಳಿಗೆ ಚಹಾ ತಿಂಡಿ ಒಯ್ಯುತ್ತಿದ್ದ. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ಸಂಸದರ, ನ್ಯಾಯಾಧೀಶರ ಪ್ರಮಾಣವಚನಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಆಯ್ಕೆ ಅವರವರದು. ಪೀಠಿಕೆಯಲ್ಲಿ ಸಿಗದ ಜಾಗ ದೇವರಿಗೆ ಇಲ್ಲಿ ಸಿಕ್ಕಿದೆ, ಒಬ್ಬೊಬ್ಬರ ಮನಸ್ಸಿಗೆ ಬಿಟ್ಟು. ಇದನ್ನು ವಿವರಿಸುತ್ತಿದ್ದಾಗ ಆ ಹುಡುಗ ಎದ್ದ. ಅವರ ಊರಲ್ಲಿ ಸಾಲದ ಜಗಳ, ಗಡಿಯ ಜಗಳ ಬಗೆಹರಿಯದಿದ್ದರೆ ಕೊನೆಯ ಮಾತು ಒಂದೇ: ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಎದುರು ಆಣೆ ಹಾಕು. ಸುಳ್ಳಾಡುವವನ ನಾಲಿಗೆ ಅಲ್ಲಿ ಹಿಂದೆಗೆಯುತ್ತದೆ. “ದೇವರ ಹೆಸರು ತೆಗೆಯದೆ ಪ್ರಮಾಣ ಮಾಡಿದವ ನಾಳೆ ತಪ್ಪಿದ್ರೆ, ಅವನನ್ನು ಕೇಳುವುದು ಯಾರು ಸರ್?”

ದೇವರ ಹೆಸರು ತೆಗೆದೇ ಪ್ರಮಾಣ ಮಾಡಿದವನು ತಪ್ಪಿದರೆ ಎಂದು ನಾನು ತಿರುಗಿ ಕೇಳಿದೆ. ಅವನು ನಕ್ಕ. ಪೇಪರು ಓದುವ ಹುಡುಗ, ಅಂಥವರ ಸುದ್ದಿ ಅವನಿಗೆ ಗೊತ್ತಿತ್ತು.

ಸರಕಾರದ ರಚನೆಯ ಪಾಠಕ್ಕೆ ಬಾಗಿಲು ತೆರೆದದ್ದು ಆ ನಗು. ಯಾರ ಆಣೆಯನ್ನೂ ಸಂವಿಧಾನ ಪೂರ್ತಿ ನಂಬುವುದಿಲ್ಲ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ, 75ನೇ ವಿಧಿ. ರಾಷ್ಟ್ರಪತಿಯೂ ಸಂವಿಧಾನವನ್ನು ಮೀರಿದರೆ ಮಹಾಭಿಯೋಗ, 61ನೇ ವಿಧಿ. ಖರ್ಚಾದ ಹಣಕ್ಕೆ 148ನೇ ವಿಧಿಯ ಮಹಾಲೇಖಪಾಲ. ಗಲ್ಲಾದ ಮೇಲೆ ಕೂತವನೇ ರಾತ್ರಿ ಲೆಕ್ಕ ತಾಳೆ ನೋಡಿದರೆ ಹೋಟೆಲು ಉಳಿದೀತೇ ಎಂದರೆ ನನ್ನ ಹುಡುಗರಿಗೆ ಬೇರೆ ವ್ಯಾಖ್ಯಾನ ಬೇಡ. ಪ್ರಜೆಯ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಡಿ ಸುಪ್ರೀಂ ಕೋರ್ಟು, 226ರಡಿ ಹೈಕೋರ್ಟು. ಬಾಂಬೆ ಹೈಕೋರ್ಟು ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ. ಆ ಹುಡುಗ ಅದರ ಅಕ್ಕಪಕ್ಕದ ಮಹಡಿಗಳನ್ನೆಲ್ಲ ಚಹಾದ ಕೆಟಲು ಹಿಡಿದು ಹತ್ತಿದ್ದಾನೆ. ಒಂದು ಅರ್ಜಿ ಹಿಡಿದು ತಾನೂ ಆ ಕಟ್ಟಡದೊಳಗೆ ಹೋಗಬಹುದು ಎಂಬುದು ಅವನಿಗೆ ಅಂದೇ ತಿಳಿದದ್ದು.

ಈ ಏರ್ಪಾಡನ್ನು ಹೆಚ್ಚಿನವರು ರಾಜಕೀಯದ ವಿಷಯ ಎಂದುಕೊಳ್ಳುತ್ತಾರೆ. ನನಗೆ ಇದರಲ್ಲಿ ಧರ್ಮದ ಒಂದು ಹಳೆಯ ತಿಳಿವಳಿಕೆ ಕಾಣುತ್ತದೆ. ಎಲ್ಲವನ್ನೂ ಬಲ್ಲವನು, ಎಲ್ಲವನ್ನೂ ಮಾಡಬಲ್ಲವನು ದೇವರೊಬ್ಬನೇ ಎಂದು ನಿಜವಾಗಿ ನಂಬಿದವನು ಯಾವ ಮನುಷ್ಯನ ಕೈಗೂ ಪೂರ್ತಿ ಅಧಿಕಾರ ಕೊಡಲಾರ. ಕಾನೂನು ಮಾಡುವವನು, ನಡೆಸುವವನು, ತೀರ್ಪು ಕೊಡುವವನು ಮೂವರೂ ಬೇರೆ ಬೇರೆ ಇರಬೇಕು ಎನ್ನುವುದರ ಹಿಂದೆ ಮನುಷ್ಯ ತಪ್ಪುತ್ತಾನೆ ಎಂಬ ವಿನಯ ಇದೆ. 1949ರ ನವೆಂಬರ್ 25ರಂದು ಅಂಬೇಡ್ಕರರು ಸಭೆಯಲ್ಲಿ ಕೊಟ್ಟ ಎಚ್ಚರಿಕೆಯನ್ನು ನಾನು ಇದರ ಜೊತೆಗೆ ಓದುತ್ತೇನೆ. ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧೋಗತಿಗೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ. ಭಕ್ತಿಯನ್ನು ಅವರು ತುಚ್ಛವಾಗಿ ಕಾಣಲಿಲ್ಲ. ಅದು ಇರಬೇಕಾದ ಜಾಗವನ್ನು ತೋರಿಸಿದರು.

ಹಾಗಾದರೆ ಸಂವಿಧಾನಕ್ಕೇ ಹಾರ ಹಾಕಬಹುದೇ? ಜನವರಿ 26ಕ್ಕೆ ಪುಸ್ತಕವನ್ನು ಮಣೆಯ ಮೇಲಿಟ್ಟು ಕುಂಕುಮ ಏರಿಸುವುದನ್ನು ಕಂಡಾಗ ನನಗೆ ಮೊದಮೊದಲು ಕಸಿವಿಸಿಯಾಗುತ್ತಿತ್ತು. ಪೂಜೆಗೆ ಕೂತ ಪುಸ್ತಕವನ್ನು ಯಾರೂ ತೆರೆದು ಪ್ರಶ್ನೆ ಕೇಳುವುದಿಲ್ಲ. ತನ್ನನ್ನು ತಿದ್ದುವ ವಿಧಾನವನ್ನು 368ನೇ ವಿಧಿಯಲ್ಲಿ ತಾನೇ ಬರೆದಿಟ್ಟುಕೊಂಡ ಗ್ರಂಥ ಇದು. ಬರೆದವರಲ್ಲಿ ಮುಖ್ಯರಾದ ಅಂಬೇಡ್ಕರರೇ 1953ರಲ್ಲಿ ರಾಜ್ಯಸಭೆಯಲ್ಲಿ ಇದನ್ನು ಸುಡುವವರಲ್ಲಿ ತಾವೇ ಮೊದಲಿಗರು ಎಂದರು. 1955ರಲ್ಲಿ ಕಾರಣ ಕೇಳಿದಾಗ, ದೇವರಿಗಾಗಿ ಕಟ್ಟಿದ ಗುಡಿಯನ್ನು ಅಸುರರು ಹಿಡಿದುಕೊಂಡರೆ ಗುಡಿಯನ್ನು ಕೆಡವದೆ ಏನು ಮಾಡುವುದು ಎಂಬ ಅರ್ಥದ ಉತ್ತರ ಕೊಟ್ಟರು. ಈ ಮಾತನ್ನು ಹುಡುಗರಿಂದ ಮುಚ್ಚಿಡುವ ಶಿಕ್ಷಕರ ಬಗ್ಗೆ ನನಗೆ ಬೇಸರವಿದೆ.

ಆದರೆ ಅಂಬೇಡ್ಕರರು ತೀರಿಕೊಂಡ ದಿನವಾದ ಡಿಸೆಂಬರ್ 6ರಂದು ದಾದರಿಗೆ ಹೋಗಿ ನೋಡಬೇಕು. ಚೈತ್ಯಭೂಮಿಯ ಸಾಲು ಸಮುದ್ರದ ದಂಡೆಯುದ್ದಕ್ಕೂ ಬೆಳೆದಿರುತ್ತದೆ, ಶಿವಾಜಿ ಪಾರ್ಕಿನಲ್ಲಿ ಪುಸ್ತಕದ ಅಂಗಡಿಗಳು. ನಮ್ಮ ಕಲಬುರಗಿ, ಬೀದರಿನ ಕಡೆಯವರೂ ರೈಲು ಹತ್ತಿ ಬರುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬನ ತಾಯಿ, ಅಕ್ಷರ ಬಾರದವರು, ಅಲ್ಲಿ ಸಂವಿಧಾನದ ಪ್ರತಿ ಕೊಂಡು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡದ್ದನ್ನು ಕಂಡಿದ್ದೇನೆ. “ಸರ, ಇದರಾಗ ಹದಿನೇಳು ಅಂತ ಎಲ್ಲಿ ಬರದಾರ, ನನ್ನ ಬಳ್ಳು ಅಲ್ಲಿಡ್ರಿ” ಎಂದರು. ಅಸ್ಪೃಶ್ಯತೆ ರದ್ದಾಯಿತು ಎಂಬ 17ನೇ ವಿಧಿಯ ಮೇಲೆ ಅವರ ಬೆರಳಿಟ್ಟೆ. ಊರಿನ ಬಾವಿಯ ಕಟ್ಟೆ ಹತ್ತಲಾಗದೆ ಬೆಳೆದ ಹೆಣ್ಣುಮಗಳು. ಆ ನಮಸ್ಕಾರ ಮೂಢಭಕ್ತಿ ಎನ್ನಲು ನನಗೆ ನಾಲಿಗೆ ಬಾರದು. ಅವರು ಪುಸ್ತಕ ತೆರೆಸಿದರು, ಇಂಥ ಸಾಲು ಎಂದು ಕೇಳಿದರು, ಮುಟ್ಟಿದರು. ಮುಚ್ಚಿದ ಪುಸ್ತಕಕ್ಕೆ ಏರುವ ಕುಂಕುಮಕ್ಕೂ ಇದಕ್ಕೂ ಬಹಳ ಅಂತರ.

ಇನ್ನೊಂದು ಪಾಠ ಪ್ರತಿ ಬಾರಿಯೂ ತರಗತಿಯನ್ನು ಎರಡು ಪಾಲು ಮಾಡುತ್ತದೆ. ವರ್ಳಿಯ ಆಚೆ ಸಮುದ್ರದಲ್ಲಿರುವ ಹಾಜಿ ಅಲಿ ದರ್ಗಾದ ಗರ್ಭಸ್ಥಾನಕ್ಕೆ ಹೆಂಗಸರಿಗೆ ಪ್ರವೇಶ ನಿಂತುಹೋಗಿತ್ತು. ನೂರ್‌ಜಹಾನ್ ಸಫಿಯಾ ನಿಯಾಜ್ ಮತ್ತವರ ಸಂಗಾತಿಗಳು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್ 26ರಂದು ನ್ಯಾಯಾಲಯ, ಈ ತಡೆ 14, 15 ಮತ್ತು 25ನೇ ವಿಧಿಗಳಿಗೆ ವಿರುದ್ಧ ಎಂದಿತು. ಅದೇ ಅಕ್ಟೋಬರಿನಲ್ಲಿ ಟ್ರಸ್ಟು ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡಿತು. ತೀರ್ಪು ಸರಿ ಎಂಬ ನನ್ನ ಅಭಿಪ್ರಾಯವನ್ನು ನಾನು ಮುಚ್ಚಿಡುವುದಿಲ್ಲ. ಒಬ್ಬ ಬ್ಯಾರಿ ಹುಡುಗ ಒಪ್ಪಲಿಲ್ಲ. ಹೆಂಗಸರು ಹೋಗಲಿ ಸರ್, ನನ್ನ ತಂಗಿಯೂ ಹೋಗಲಿ, ಆದರೆ ಒಂದು ಧರ್ಮಕ್ಕೆ ಯಾವುದು ಮುಖ್ಯ, ಯಾವುದು ಅಲ್ಲ ಎಂದು ಜಡ್ಜರು ಹೇಳುವುದು ಹೇಗೆ ಎಂದ. ಬೆಳ್ತಂಗಡಿಯ ಹುಡುಗನೂ ಅವನ ಜೊತೆ ಸೇರಿಕೊಂಡ. ಇಬ್ಬರ ಆಕ್ಷೇಪಕ್ಕೂ ತೂಕವಿದೆ. ಶಬರಿಮಲೆ ತೀರ್ಪಿನ ಪುನರ್‌ಪರಿಶೀಲನೆಯ ವೇಳೆ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥವೇ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಸಾಂವಿಧಾನಿಕ ನೈತಿಕತೆ ಹುಟ್ಟಿನಿಂದ ಬರುವಂಥದ್ದಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದು ಅಂಬೇಡ್ಕರರು 1948ರ ನವೆಂಬರ್ 4ರಂದೇ ಹೇಳಿದ್ದರು. ಬೆಳೆಸುವ ಜಾಗ ಯಾವುದು? ಹಗಲೆಲ್ಲ ದುಡಿದು ನಿದ್ದೆಗಣ್ಣಿನಲ್ಲಿ ಕೂತ ಮಕ್ಕಳ ತರಗತಿಯೂ ಅದರಲ್ಲಿ ಒಂದು ಎಂದು ನಂಬಿ ನಾನು ಈ ಕೆಲಸದಲ್ಲಿದ್ದೇನೆ. 25ನೇ ವಿಧಿ ಧರ್ಮದ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಕೊಡುತ್ತದೆ. ಆ ವಾರ ಇಬ್ಬರೂ ಹುಡುಗರಿಗೆ ಬರೆದು ತರಲು ಕೊಟ್ಟ ಪ್ರಶ್ನೆ ಇದು: ಅಲ್ಲಿ ಬರುವ ನೈತಿಕತೆ ಯಾರದ್ದು, ಊರಿನದ್ದೋ, ಧರ್ಮದ್ದೋ, ಸಂವಿಧಾನದ್ದೋ? ಒಂದನ್ನು ಆರಿಸಿ, ಉಳಿದೆರಡನ್ನು ಯಾಕೆ ಬಿಟ್ಟಿರಿ ಎಂದು ಬರೆಯಿರಿ.