ಪ್ರಮಾಣವಿಚಾರ

'ಪ್ರಮಾಣ'ವೆಂಬ ಶಬ್ದವು ಕನ್ನಡದಲ್ಲಿ ಅಳತೆಗೂ, ಯಥಾರ್ಥಜ್ಞಾನದ ಸಾಧನಕ್ಕೂ, ದೇವರ ಸನ್ನಿಧಿಯಲ್ಲಿ ಮಾಡುವ ಆಣೆಗೂ ಸಲ್ಲುತ್ತದೆ. ಈ ಮೂರು ಅರ್ಥಗಳೊಳಗೆ ಸಂಬಂಧವುಂಟೇ ಎಂಬುದನ್ನು ಅಲ್ಪವೆಂದು ತೋರುವ ಒಂದು ವಿಷಯದಿಂದ ವಿಚಾರಿಸಬಹುದು. ಅದು ಮನುಷ್ಯನ ಎತ್ತರವನ್ನು ಅಳೆಯುವುದು.

ಕುಂದಾಪುರದ ಸೀಮೆಯಲ್ಲಿ ಅಕ್ಕಿಯನ್ನು ಸೇರು, ಮುಡಿಗಳಿಂದ ಅಳೆಯುತ್ತಿದ್ದ ಕಾಲದಲ್ಲಿ, ಸೇರನ್ನು ಕಿರಿದುಮಾಡಿದವನು ಕಳ್ಳನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಜಗಲಿಯ ಕಂಬಕ್ಕೆ ಮಗುವನ್ನು ಒರಗಿಸಿ ಗೆರೆ ಎಳೆಯುವಾಗ ಅದು ಹಿಮ್ಮಡಿಯನ್ನೆತ್ತಿದರೆ ಮನೆಯವರೆಲ್ಲ ನಗುತ್ತಾರೆ. ಇದರಿಂದ ಯಾರಿಗೂ ನಷ್ಟವಿಲ್ಲವಷ್ಟೆ ಎಂಬುದು ಪೂರ್ವಪಕ್ಷ.

ಇದಕ್ಕೆ ಸಮಾಧಾನವೇನೆಂದರೆ, ಮನೆಯ ವಿನೋದ ಬೇರೆ, ನಿರ್ಣಯಕ್ಕಾಗಿ ಮಾಡುವ ಅಳತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ, 5 ವರ್ಷ ತುಂಬಿದ ಗಂಡುಮಗುವಿನ ಎತ್ತರವು 100.7 ಸೆಂಟಿಮೀಟರಿಗಿಂತ ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ತಿಳಿಯಬೇಕು. ನಿಜವಾಗಿ 100 ಸೆಂಟಿಮೀಟರಿರುವ ಬಾಲಕನು ಅಳೆಯುವವನ ಅಲಕ್ಷ್ಯದಿಂದ 101 ಆದನೆಂದರೆ, ಅವನ ಕೊರತೆಯು ಕಾಗದದ ಮೇಲೆ ನೀಗಿತು, ಶರೀರದಲ್ಲಿ ಉಳಿಯಿತು. ಸೇರಿನಲ್ಲಿ ಮೋಸಹೋದವನು ಮರುದಿನ ಕೇಳಬಲ್ಲನು. ಈ ಶಿಶುವು ಕೇಳಲಾರದು.

ಆದುದರಿಂದಲೇ ಗೋಡೆಗೆ ಬಿಗಿದ ಅಳತೆಗೋಲಿಗೆ ಇಷ್ಟು ವಿಧಿಗಳುಂಟು. ಗೋಡೆಯು ನೆಟ್ಟಗೂ ನೆಲವು ಸಮವಾಗಿಯೂ ಇರಬೇಕು. ಪಾದರಕ್ಷೆಗಳನ್ನು ಕಳಚಿ, ತುರುಬಿದ್ದರೆ ಬಿಚ್ಚಿ, ಹಿಮ್ಮಡಿಗಳನ್ನು ಗೋಡೆಗೆ ತಾಗಿಸಿ ನಿಲ್ಲಿಸಬೇಕು. ಕಿವಿಯ ರಂಧ್ರದ ಮೇಲಂಚೂ ಕಣ್ಣಿನ ಗೂಡಿನ ಕೆಳಅಂಚೂ ಒಂದೇ ಮಟ್ಟದಲ್ಲಿರಬೇಕು; ಗಲ್ಲವನ್ನೆತ್ತಿದರೆ ಅಳತೆ ಕೆಡುತ್ತದೆ. ಜಾರುವ ಹಲಗೆಯನ್ನು ನೆತ್ತಿಗೆ ತಾಗುವಂತೆ ಇಳಿಸಿ, ಅಂಕೆಯನ್ನು ಅದರ ಮಟ್ಟಕ್ಕೇ ಕಣ್ಣಿಟ್ಟು ಓದಬೇಕು. ಮತ್ತೊಮ್ಮೆ ಅಳೆದು ನೋಡುವುದು ಯುಕ್ತ.

ಶರೀರವೇ ಸ್ಥಿರವಲ್ಲದಿರಲು ಇಷ್ಟು ಸೂಕ್ಷ್ಮತೆ ಏಕೆಂದು ಮತ್ತೊಂದು ಆಕ್ಷೇಪ ಬರಬಹುದು. ಬೆನ್ನೆಲುಬಿನ ನಡುವಣ ಮೆತ್ತೆಗಳು ಹಗಲಿನ ಭಾರದಿಂದ ಕುಗ್ಗುವುದರಿಂದ, ಬೆಳಗಿನ ಎತ್ತರಕ್ಕಿಂತ ಸಂಜೆಯದು ಸುಮಾರು 1 ಸೆಂಟಿಮೀಟರು ಕಡಿಮೆಯಾಗುವುದು ನಿಜ. ಆದರೆ ವಸ್ತುವು ಚಂಚಲವೆಂಬುದು ಅಳೆಯುವವನ ಚಾಂಚಲ್ಯಕ್ಕೆ ಸಮರ್ಥನೆಯಾಗದು. ಶ್ರವಣಬೆಳಗೊಳದ ಗೊಮ್ಮಟನು ಕುಗ್ಗುವವನಲ್ಲ. ಆದರೂ ಬುಕಾನನ್ನನ ಗ್ರಂಥದಲ್ಲಿ ಅವನ ಎತ್ತರ 70 ಅಡಿ 3 ಇಂಚು, ಬೌರಿಂಗನು ಅಳೆಯಿಸಿದಾಗ 57 ಅಡಿ. ಈ ಅಂತರವು ಶಿಲೆಯದಲ್ಲ. ದೇಹವು ಬದಲಾಗುವುದೆಂದು ಬಲ್ಲವನು ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಅಳೆಯುವನು.

ಇನ್ನು ಈ ಅಂಕೆಯಿಂದ ಮನುಷ್ಯನ ಯೋಗ್ಯತೆ ತಿಳಿಯುವುದೇ? ಚರಕಸಂಹಿತೆಯ ವಿಮಾನಸ್ಥಾನವು ಶರೀರದ ಎತ್ತರವನ್ನು ಅವರವರ ಬೆರಳಿನ ಮಾನದಿಂದ 84 ಅಂಗುಲವೆಂದು ಹೇಳುತ್ತದೆ. ಆ ಮಾನದಲ್ಲಿ ಅಂಗಪ್ರಮಾಣವು ಸರಿಯಿದ್ದರೆ ಕುಳ್ಳನೂ ನೀಳನೂ ಸಮಾನರು. ಗೋಡೆಯ ಮಾನವಾದರೋ ಇಬ್ಬರಲ್ಲಿ ಭೇದವನ್ನು ತೋರಿಸುತ್ತದೆ. ಎರಡೂ ಸತ್ಯವೇ, ಒಂದರ ಕೆಲಸವನ್ನು ಮತ್ತೊಂದಕ್ಕೆ ವಹಿಸುವುದೇ ದೋಷ. ಕುಳ್ಳನೆಂದು ಹೀಗಳೆಯುವವನು ಗೋಡೆಯ ಮಾನವನ್ನು ಅದಕ್ಕೆ ಸಲ್ಲದಲ್ಲಿ ಬಳಸುತ್ತಾನೆ. ಕನಿಕರದಿಂದ ಒಂದು ಅಂಕೆಯನ್ನು ಹೆಚ್ಚಿಸಿ ಬರೆಯುವವನು ಅದು ಸಲ್ಲುವಲ್ಲಿಯೇ ಕೆಡಿಸುತ್ತಾನೆ.

ಹೀಗೆ ನೋಡಿದರೆ ಮೂರು ಅರ್ಥಗಳೂ ಒಂದೆಡೆ ಕೂಡುತ್ತವೆ. ಅಳತೆಯು ಜ್ಞಾನವಾಗಬೇಕಾದರೆ, ಅಂಕೆಯನ್ನು ಬರೆಯುವ ಕೈಯು ಆಣೆಯಿಟ್ಟ ಕೈಯಂತೆ ನಡೆಯಬೇಕು.