ದುಃಖವಾರ್ತೆಯನ್ನು ಮರೆಮಾಡುವದು ಯುಕ್ತವೋ?

ಒಬ್ಬನು ಒಳ್ಳೇ ಮನಸ್ಸಿನಿಂದ ತನ್ನ ನೆರೆಯವನಿಗೆ ಬಂದ ದುಃಖದ ಸುದ್ದಿಯನ್ನು ಕೆಲವು ದಿವಸ ಮರೆಮಾಡಿದರೆ ಅದು ಪ್ರೀತಿಯೋ, ಕಳವೋ? ಮದುವೆಯ ಮನೆಗಳಲ್ಲಿಯೂ ರೋಗಿಗಳ ಹಾಸಿಗೆಯ ಬಳಿಯಲ್ಲಿಯೂ ಹಿರಿಯರು ಉಪದೇಶಿಯನ್ನು ಬದಿಗೆ ಕರೆದು ಈ ಪ್ರಶ್ನೆಯನ್ನೇ ಕೇಳುವದುಂಟು. ಇದನ್ನು ವಿಚಾರಿಸುವದಕ್ಕೆ ಈ ಸಾರಿ ನಾವು ದೂರದರ್ಶನದ ಒಂದು ಕಥೆಯನ್ನು ತೆಗೆದುಕೊಳ್ಳುತ್ತೇವೆ. ಸಭೆಯ ಪತ್ರಿಕೆಯಲ್ಲಿ ದೂರದರ್ಶನದ ಮಾತು ಯಾಕೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಕಳೆದುಹೋದ ನಾಣ್ಯ, ಹಿಟ್ಟಿನಲ್ಲಿ ಅಡಗಿಸಿದ ಹುಳಿ, ಅಪನಂಬಿಗಸ್ತನಾದ ಮನೆವಾರ್ತೆಯವನು, ಇಂಥ ಕಥೆಗಳನ್ನು ಹೇಳಿ ಕಲಿಸಿದ ಗುರುವಿನ ಶಿಷ್ಯರಾದ ನಮಗೆ ಆ ಸಂಕೋಚ ಬೇಕಾಗಿಲ್ಲ.

ಆ ಕಥಾಮಾಲೆಯ ಹೆಸರು 'ಮಾಲ್ಗುಡಿ ಡೇಸ್'. ಮೈಸೂರಿನಲ್ಲಿ ಬಾಳಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗರು ೧೯೮೬-೮೭ರ ಕಾಲದಲ್ಲಿ ದೂರದರ್ಶನಕ್ಕಾಗಿ ಹಿಂದೀ ಭಾಷೆಯಲ್ಲಿ ಚಿತ್ರಿಸಿದರು. ಭಾಷೆಯು ಹಿಂದಿಯಾದರೂ ಊರು ನಮ್ಮದೇ. ಬಹುಭಾಗವು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ನಡೆಯಿತು, ಮಾಲ್ಗುಡಿಯ ರೈಲು ನಿಲ್ದಾಣವೆಂದು ಕಾಣುವದು ಅದೇ ಜಿಲ್ಲೆಯ ಅರಸಾಳು. ಆ ಕಾಲದಲ್ಲಿ ನಾವು ತೊಟ್ಟಿಲ ಕೂಸು; ದೊಡ್ಡವರಾದ ಮೇಲೆ, ಮರುಪ್ರಸಾರವಾದಾಗ ನೋಡಿದವರು. ಅದಕ್ಕಿಂತ ಸ್ವಲ್ಪ ಮೊದಲು, ೧೯೮೪-೮೫ರಲ್ಲಿ, 'ಹಮ್ ಲೋಗ್' ಎಂಬ ಕುಟುಂಬದ ಕಥೆ ಬರುತ್ತಿತ್ತು. ಅದರಲ್ಲಿ ಪ್ರತಿ ಸಂಚಿಕೆಯ ಕೊನೆಯಲ್ಲಿ ನಟ ಅಶೋಕ್ ಕುಮಾರರು ಕಾಣಿಸಿಕೊಂಡು, ನಡೆದದ್ದರ ವಿಷಯವಾಗಿ ನೋಡುವವರ ಸಂಗಡ ಮಾತಾಡುತ್ತಿದ್ದರು. ಮಾಲ್ಗುಡಿಯ ಕಥೆಗಳಲ್ಲಿ ಹಾಗೆ ಬಂದು ತೀರ್ಪು ಹೇಳುವವನು ಯಾರೂ ಇಲ್ಲ. ಆದದರಿಂದ ನೋಡಿದವನು ತೀರ್ಪಿನ ಭಾರವನ್ನು ತಾನೇ ಹೊತ್ತುಕೊಂಡು ಮಲಗಬೇಕು.

'ಕಳೆದುಹೋದ ಪತ್ರ'ವೆಂಬ ಅರ್ಥದ ಸಂಚಿಕೆಯಲ್ಲಿ ತಾನಪ್ಪನೆಂಬ ಅಂಚೆಯವನಿದ್ದಾನೆ. ಅವನು ಕಾಗದವನ್ನು ಬಾಗಲಲ್ಲಿ ಎಸೆದು ಹೋಗುವವನಲ್ಲ. ಒಳಗೇನು ಬರೆದಿದೆಯೆಂದು ವಿಚಾರಿಸಿ, ಸಂತೋಷದಲ್ಲಿ ಸಂತೋಷಪಟ್ಟು, ಬುದ್ಧಿಯನ್ನೂ ಹೇಳಿ ಮುಂದಿನ ಮನೆಗೆ ಹೋಗುವವನು. ರಾಮಾನುಜಮ್ ಎಂಬ ಗುಮಾಸ್ತನ ಮಗಳಾದ ಕಾಮಾಕ್ಷಿಗೆ ವರನು ಸಿಕ್ಕದೆ ತಂದೆಯು ಕಳವಳಪಡುವಾಗ ತಾನಪ್ಪನೇ ಒಂದು ಸಂಬಂಧವನ್ನು ಸೂಚಿಸುತ್ತಾನೆ. ಮಾತು ಕೂಡಿಬರುತ್ತದೆ. ಮೇ ೨೦ರಂದು ಮುಹೂರ್ತ. ಆ ದಿನವು ತಪ್ಪಿದರೆ ಬಹುಕಾಲ ಕಾಯಬೇಕು, ಸಂಬಂಧವೇ ಮುರಿದುಹೋದರೂ ಹೋಗಬಹುದು. ಹೀಗಿರಲಾಗಿ ಸೇಲಮಿನಲ್ಲಿರುವ ಹಿರಿಯ ಬಂಧು ಒಬ್ಬನು ಅಸ್ವಸ್ಥನಾಗಿದ್ದಾನೆಂದು ಒಂದು ಕಾರ್ಡು, ಅದರ ಹಿಂದೆಯೇ ಅವನು ತೀರಿಹೋದನೆಂದು ತಂತಿ, ಎರಡೂ ತಾನಪ್ಪನ ಕೈಗೆ ಬರುತ್ತವೆ. ಕೊಟ್ಟರೆ ಸೂತಕ, ಸೂತಕದಿಂದ ಮದುವೆ ನಿಲ್ಲುವದು. ಅವನು ಕೊಡುವದಿಲ್ಲ. ಮದುವೆಯಾಗಿ ಹುಡುಗಿಯು ಗಂಡನ ಮನೆಗೆ ಹೋದ ಮೇಲೆ ಆ ಕಾಗದಗಳನ್ನು ರಾಮಾನುಜಮಿನ ಕೈಯಲ್ಲಿಟ್ಟು, ಬೇಕಾದರೆ ದೂರು ಕೊಡಬಹುದು, ತನ್ನ ಕೆಲಸ ಹೋಗುವದು, ಇದು ದೊಡ್ಡ ಅಪರಾಧ ಎಂದು ತಾನೇ ಹೇಳಿ ನಿಲ್ಲುತ್ತಾನೆ. ರಾಮಾನುಜಮ್ ದೂರು ಕೊಡುವದಿಲ್ಲ.

ಅಪರಾಧವೆಂದು ಅವನು ಹೇಳಿದ್ದು ಸುಮ್ಮನೆ ಅಲ್ಲ. ಆಗ ಜಾರಿಯಲ್ಲಿದ್ದ ೧೮೯೮ನೇ ವರುಷದ ಅಂಚೇ ಕಾಯಿದೆಯ ಪ್ರಕಾರ ಟಪ್ಪಾಲನ್ನು ಅಡಗಿಸುವ ಅಂಚೆಯವನಿಗೆ ಸೆರೆಮನೆಯೂ ಉಂಟು. ತಂತಿಯ ಏರ್ಪಾಡು ೨೦೧೩ನೇ ಜುಲೈಯಲ್ಲಿ ನಿಂತುಹೋಯಿತು. ಆದರೆ ತಂತಿಯವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಹೆಂಗಸರು ಓದುವದಕ್ಕೆ ಮೊದಲೇ ಅಳತೊಡಗುತ್ತಿದ್ದ ಕಾಲವನ್ನು ನಮ್ಮ ಸಭೆಯ ವೃದ್ಧರು ಇನ್ನೂ ಮರೆತಿಲ್ಲ.

ಈಗ, ತಾನಪ್ಪನು ಮಾಡಿದ್ದು ಸರಿಯೋ? ನಮ್ಮ ಯುವಕರ ಕೂಟದಲ್ಲಿ ಈ ಕಥೆಯನ್ನು ಹೇಳಿದಾಗ ಒಬ್ಬನ ಹೊರತು ಎಲ್ಲರೂ ಸರಿಯೆಂದರು. ಸತ್ತವನು ಹೇಗೂ ಸತ್ತನು, ಹುಡುಗಿಯ ಬಾಳು ಉಳಿಯಿತು, ಅವನು ಬಾಯಿಂದ ಒಂದು ಸುಳ್ಳನ್ನೂ ಹೇಳಲಿಲ್ಲ ಎಂಬದು ಅವರ ವಾದ. ಒಬ್ಬಳು ವೇದವನ್ನೇ ತೆರೆದು ಇಬ್ರಿಯ ಸೂಲಗಿತ್ತಿಯರನ್ನು ಎತ್ತಿ ತೋರಿಸಿದಳು (ವಿಮೋಚನಕಾಂಡ ೧). ಅವರು ಫರೋಹನಿಗೆ ನಿಜವನ್ನು ಮರೆಮಾಡಿದರು, ದೇವರು ಅವರಿಗೆ ಒಳ್ಳೇದನ್ನು ಮಾಡಿದನು. ಈ ಸ್ಥಳವು ಸಭೆಯ ಹಿಂದಿನ ಬೋಧಕರಿಗೂ ತೊಡಕಾಗಿತ್ತು. ಯಾವ ಸುಳ್ಳೂ ಸಲ್ಲದೆಂದು ಹಟಹಿಡಿದ ಅಗಸ್ಟೀನನು, ದೇವರು ಮೆಚ್ಚಿದ್ದು ಅವರ ಸುಳ್ಳನ್ನಲ್ಲ, ಕೂಸುಗಳ ಮೇಲಿನ ಅವರ ದಯೆಯನ್ನು ಎಂದು ಬಿಡಿಸಿ ಹೇಳಿದನು. ನಮಗೆ ಬೇರೊಂದು ಸಂಗತಿ ಹೆಚ್ಚು ಸ್ಪಷ್ಟವಾಗಿ ತೋಚುತ್ತದೆ. ಏನೆಂದರೆ, ಫರೋಹನು ಕೊಲ್ಲುವದಕ್ಕೆ ಕೇಳಿದವನು. ಆ ಸುದ್ದಿಯಲ್ಲಿ ಅವನಿಗೆ ಯಾವ ಪಾಲೂ ಇರಲಿಲ್ಲ. ಸೇಲಮಿನ ತಂತಿಯ ಮೇಲಾದರೋ ರಾಮಾನುಜಮಿನ ಹೆಸರು ಬರೆದಿತ್ತು.

ಇದಕ್ಕಿಂತ ಹತ್ತಿರವಾದ ಮಾದರಿಯು ಎರಡನೆಯ ಸಮುವೇಲನ ೧೮ನೇ ಅಧ್ಯಾಯದಲ್ಲಿದೆ. ಅಬ್ಷಾಲೋಮನು ಸತ್ತ ದಿನ ಅಹೀಮಾಚನು ವಾರ್ತೆಯನ್ನು ಒಯ್ಯುತ್ತೇನೆಂದು ಬೇಡಿಕೊಂಡು, ಕೂಷ್ಯನನ್ನು ಹಿಂದೆ ಹಾಕಿ ಓಡಿ ದಾವೀದನ ಮುಂದೆ ನಿಲ್ಲುತ್ತಾನೆ. ಅರಸನು ಹುಡುಗನ ಕ್ಷೇಮವನ್ನು ಕೇಳುವಾಗ, ದೊಡ್ಡ ಗದ್ದಲವನ್ನು ಕಂಡೆನು, ಏನೆಂದು ತಿಳಿಯಲಿಲ್ಲ ಎಂದು ಜಾರಿಕೊಳ್ಳುತ್ತಾನೆ. ತಿಳಿದಿತ್ತು, ಯೋವಾಬನು ಮೊದಲೇ ಹೇಳಿದ್ದನು. ಬದಿಗೆ ನಿಲ್ಲೆಂದು ಅರಸನು ಹೇಳುತ್ತಾನೆ, ಹಿಂದೆ ಬಂದ ಕೂಷ್ಯನು ಹೇಳಬೇಕಾದದನ್ನು ಹೇಳುತ್ತಾನೆ. ಅಹೀಮಾಚನು ಕೆಟ್ಟವನಲ್ಲ. ಅರಸನನ್ನು ಪ್ರೀತಿಸಿದವನು, ಕಾಲಿನಲ್ಲಿ ವೇಗವುಳ್ಳವನು. ಆದರೂ ಆ ಹೊತ್ತು ಅವನಿಂದ ಏನು ಪ್ರಯೋಜನವಾಯಿತು?

ನಾರಾಯಣರದೇ ಮತ್ತೊಂದು ಕಥೆಯನ್ನು ನಮ್ಮ ವಾದಕ್ಕೆ ವಿರೋಧವಾಗಿ ತರಬಹುದು. ಅದನ್ನು ಬಚ್ಚಿಡುವದು ನ್ಯಾಯವಲ್ಲ. ರೋಗಿಗಳಿಗೆ ಎಂದೂ ಹುಸಿಧೈರ್ಯ ಹೇಳದ ರಾಮನ್ ಎಂಬ ವೈದ್ಯನು, ಸಾಯುವನೆಂದು ತಾನೇ ತಿಳಿದಿದ್ದ ಗೆಳೆಯನಿಗೆ ಒಂದೇ ಸಾರಿ, ನೀನು ಬದುಕುವಿ ಎಂದು ಹೇಳುತ್ತಾನೆ. ಗೆಳೆಯನು ಬದುಕುತ್ತಾನೆ! ಆದರೆ ಆ ಮಾತಿಗೆ ಅಷ್ಟು ಬಲ ಎಲ್ಲಿಂದ ಬಂತು? ಅದುವರೆಗೆ ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲವಾದದರಿಂದಲೇ. ವರುಷಗಟ್ಟಲೆ ಕೂಡಿಟ್ಟ ಗಂಟನ್ನು ಅವನು ಒಂದೇ ರಾತ್ರಿಯಲ್ಲಿ ಬಿಚ್ಚಿದನು. ಎರಡನೇ ರೋಗಿಗೆ ಕೊಡುವದಕ್ಕೆ ಅವನಲ್ಲಿ ಏನು ಉಳಿಯಿತು ಎಂಬದನ್ನು ಕಥೆಯು ಹೇಳುವದಿಲ್ಲ.

ಈ ವಿಷಯದಲ್ಲಿ ನಾವು ಕುರ್ಚಿಯ ಮೇಲೆ ಕೂತು ನ್ಯಾಯ ಹೇಳುವವರಲ್ಲ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ವಿಧವೆ ಒಬ್ಬಳ ಮಗಳ ಮದುವೆಯು ಬುಧವಾರಕ್ಕೆ ನಿಶ್ಚಯವಾಗಿತ್ತು. ಚಪ್ಪರ ಎದ್ದಿತ್ತು, ಅಕ್ಕಿ ಸಾಲದ್ದು. ಮಂಗಳವಾರ ಸಾಯಂಕಾಲ ನಮಗೆ ಫೋನು ಬಂತು. ಪಟ್ಟಣದಲ್ಲಿ ರೋಗದಿಂದ ಮಲಗಿದ್ದ ಆಕೆಯ ಅಣ್ಣನು ತೀರಿಹೋದನು, ನೀವೇ ಹೇಳಿರಿ ಎಂದು ಅವನ ಮಗನು ಅತ್ತನು. ನಾವು ಇಬ್ಬರು ಹಿರಿಯರ ಸಂಗಡ ಆಲೋಚಿಸಿ, ಮದುವೆಯಾಗಲಿ, ಮೇಲೆ ಹೇಳೋಣ ಎಂದು ನಿಶ್ಚಯಿಸಿದೆವು. ನಮಗೆ ಸೂತಕವಿಲ್ಲವೆಂದು ಹೇಳಿಕೊಳ್ಳುತ್ತೇವೆ. ಆದಾಗ್ಯೂ ಸಾವಿನ ಮನೆಯಿಂದ ಹೆಣ್ಣು ತರಲು ವರನ ಕಡೆಯವರು ಹಿಂದೆಗೆದಾರು ಎಂಬ ಹೆದರಿಕೆ ಮೂವರಲ್ಲಿಯೂ ಇತ್ತು. ಮರುದಿನ ಬೆಳಿಗ್ಗೆ ಗುಡಿಯ ಬಾಗಲಲ್ಲಿ ಆ ತಾಯಿಯು ನಮ್ಮ ಬಳಿಗೆ ಬಂದು, "ಅಯ್ಯನವರೇ, ಅಣ್ಣನಿಗೆ ಬರಲಿಕ್ಕೆ ಆಗಲಿಲ್ಲ. ಅವನಿಗೆ ಗುಣವಾಗಲಿ ಎಂದು ಪ್ರಾರ್ಥನೆಯಲ್ಲಿ ಒಂದು ಮಾತು ಸೇರಿಸಿರಿ" ಎಂದಳು.

ನಾವು ಸೇರಿಸಿದೆವು.

ಸುಮ್ಮನಿದ್ದರೆ ಸುಳ್ಳಲ್ಲ ಎಂದು ಮಂಗಳವಾರ ರಾತ್ರಿ ನಮ್ಮ ಮನಸ್ಸಾಕ್ಷಿಗೆ ಹೇಳಿಕೊಂಡಿದ್ದೆವು. ಒಂದು ಹಗಲು ಕಳೆಯುವದರೊಳಗೆ ಆ ಮೌನವು ನಮ್ಮನ್ನು ದೇವರ ಸನ್ನಿಧಿಗೇ ಎಳೆದುಕೊಂಡು ಹೋಗಿ, ಹೆಣವಾಗಿ ಮಲಗಿದವನ ಆರೋಗ್ಯಕ್ಕಾಗಿ ಬೇಡುವಂತೆ ಮಾಡಿತು. ಸಭೆಯೆಲ್ಲಾ ಆಮೆನ್ ಅಂದಿತು. ಗುರುವಾರ ಸಾಯಂಕಾಲ ಹೋಗಿ ಹೇಳಬೇಕೆಂದಿದ್ದೆವು. ಅದಕ್ಕಿಂತ ಮೊದಲೇ, ಬೆಳಿಗ್ಗೆ, ಆಕೆಯ ದೂರದ ಸಂಬಂಧಿಕಳೊಬ್ಬಳು ಸಮಾಧಾನ ಹೇಳಲಿಕ್ಕೆ ಫೋನು ಮಾಡಿಬಿಟ್ಟಿದ್ದಳು.

ನಾವು ಹೋದಾಗ ಆಕೆಯು ಚಪ್ಪರದ ಕೆಳಗೆ ಹಂಡೆಗಳನ್ನು ತೊಳೆಯುತ್ತಾ ಇದ್ದಳು. ಬೈಯಲಿಲ್ಲ. "ಮಣ್ಣಿಗೆ ಹೋಗಲಿಕ್ಕೆ ಆಗದಿದ್ದರೆ ಆಗದಿರಲಿ, ಅಯ್ಯನವರೇ. ಮದುವೆಯನ್ನು ನಾನೂ ನಿಲ್ಲಿಸುತ್ತಿರಲಿಲ್ಲ. ಆದರೆ ನಾನು ನಗುನಗುತ್ತಾ ಬಡಿಸುತ್ತಾ ಇದ್ದೆ. ನೀವು ನೋಡುತ್ತಾ ಇದ್ದಿರಿ" ಎಂದಳು.

ಆ ಮಾತನ್ನು ಕೇಳಿದ ಮೇಲೆ ತಾನಪ್ಪನ ಕಥೆಯು ನಮಗೆ ಬೇರೆಯಾಗಿ ಕಾಣುತ್ತದೆ. ಆಕೆಯು ತಾಳಲಾರಳೆಂದು ನಾವು ಎಣಿಸಿದ್ದೆವು, ಆಕೆಯನ್ನು ಕೇಳಲಿಲ್ಲ. ದಾವೀದನ ಸೇವಕರೂ ಕೂಸು ಸತ್ತದ್ದನ್ನು ಹೇಳಲಿಕ್ಕೆ ಹೆದರಿ ಪಿಸುಗುಟ್ಟಿದರು. ಅವನು ತಾನೇ ಕೇಳಿ ತಿಳಿದುಕೊಂಡು, ಎದ್ದು ಸ್ನಾನಮಾಡಿ, ದೇವಾಲಯಕ್ಕೆ ಹೋದನು. ದುಃಖದಲ್ಲಿಯೂ ಒಬ್ಬನಿಗೆ ಸ್ವಂತವಾದ ಕೆಲಸವಿದೆ. ಅದನ್ನು ಅವನಿಂದ ತೆಗೆದುಕೊಳ್ಳುವ ಅಧಿಕಾರವನ್ನು ಅಂಚೆಯವನಿಗಾಗಲಿ ಉಪದೇಶಿಗಾಗಲಿ ಯಾರೂ ಕೊಟ್ಟಿಲ್ಲ. ಇಷ್ಟಾದರೂ ತಾನಪ್ಪನು ನಮಗಿಂತ ಮೇಲು. ಯಾಕಂದರೆ ಅವನು ಪರರ ಬಾಯಿಂದ ಸುದ್ದಿ ತಿಳಿಯುವಂತೆ ಬಿಡದೆ ತಾನೇ ಬಂದನು, ತನ್ನ ಹೊಟ್ಟೆಯ ಅನ್ನವನ್ನು ರಾಮಾನುಜಮಿನ ಕೈಯಲ್ಲಿಟ್ಟು ನಿಂತನು. ಮಾಡಿದ್ದು ತಪ್ಪೆಂದೇ ಹೇಳಿದನು, ಉಪಕಾರವೆಂದು ಹೇಳಲಿಲ್ಲ. ನಾವಾದರೋ ಹಂಡೆಗಳ ಬಳಿಯಲ್ಲಿ ನಿಂತು, ನಿನ್ನ ಒಳ್ಳೇದಕ್ಕಾಗಿ ಎಂದೇ ಮಾತನ್ನು ಆರಂಭಿಸಿದೆವು.

ಆಕೆಗೆ ಓದು ಬಾರದು. ಈಗಲೂ ಮಗಳಿಂದ ಮೊಬೈಲಿಗೆ ಏನಾದರೂ ಬರಹ ಬಂದರೆ ಭಾನುವಾರ ಆರಾಧನೆಯಾದ ಮೇಲೆ ನಮ್ಮ ಬಳಿಗೆ ತರುತ್ತಾಳೆ. ಮೊದಲು ಸುಮ್ಮನೆ ಕೊಡುತ್ತಿದ್ದಳು. ಈಗ ಕೊಡುವಾಗ, "ಪೂರಾ ಓದಿರಿ, ಅಯ್ಯನವರೇ" ಅನ್ನುತ್ತಾಳೆ.