ಉಪವಾಸವೋ, ಅನ್ನಪಾನನಿರೋಧವೋ?
(ವೃದ್ಧಾಶ್ರಮಗಳ ಶುಶ್ರೂಷೆಯನ್ನು ಕುರಿತು ಒಂದು ವಿಚಾರ)

ತಾನಾಗಿಯೇ ಆಹಾರವನ್ನು ತ್ಯಜಿಸುವುದು ಅನಶನವೆಂಬ ತಪಸ್ಸು. ಅನ್ಯರ ಆಹಾರಕ್ಕೆ ತಡೆಯಾಗುವುದು ಅನ್ನಪಾನನಿರೋಧವೆಂಬ ದೋಷ. ತಟ್ಟೆ ಬರಿದಾಗಿರುವುದು ಎರಡರಲ್ಲಿಯೂ ಸಮಾನವೇ. ಹೊರಗಿನಿಂದ ನೋಡುವವನ ಕಣ್ಣಿಗೆ ಭೇದವು ತೋರದು. ಆದರೆ ಮೊದಲನೆಯದು ನಿರ್ಜರೆಗೆ ಸಾಧನವಾದರೆ, ಎರಡನೆಯದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳೊಳಗೆ ಎಣಿಸಲಾಗಿದೆ. ಈ ಭೇದವನ್ನು ಇಂದು ಅತ್ಯಂತ ಸೂಕ್ಷ್ಮವಾಗಿ ಪರಿಶೀಲಿಸಬೇಕಾದ ಒಂದು ಸ್ಥಳವಿದೆ. ಅದು ವೃದ್ಧಾಶ್ರಮ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರುವತ್ತು ವರ್ಷ ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಮಕ್ಕಳು ದೂರದ ನಗರಗಳಲ್ಲಿಯೋ ವಿದೇಶಗಳಲ್ಲಿಯೋ ನೆಲೆಸಿರುವಾಗ, ಮನೆಯಲ್ಲಿ ಉಳಿದವರೂ ವೃದ್ಧರೇ ಆಗಿರುವಾಗ, ತಂದೆತಾಯಿಗಳನ್ನು ಆಶ್ರಮಕ್ಕೆ ಸೇರಿಸಿದ ಮಾತ್ರಕ್ಕೆ ಯಾರನ್ನೂ ನಿಂದಿಸುವುದು ನ್ಯಾಯವಲ್ಲ. ಸೇರಿಸಿದ ಮೇಲೆ ಅಲ್ಲಿ ಅವರಿಗೆ ಸಲ್ಲಬೇಕಾದುದೇನು, ಅದು ಸಲ್ಲದೆ ಹೋದಲ್ಲಿ ದೋಷವು ಯಾರಿಗೆ ತಗಲುತ್ತದೆ ಎಂಬುದೇ ಇಲ್ಲಿಯ ವಿಚಾರ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮೂವತ್ತು ಮಂದಿ ವೃದ್ಧರಿರುವ ಒಂದು ಆಶ್ರಮವನ್ನು ಭಾವಿಸಿರಿ. ಅವರಲ್ಲಿ ಹನ್ನೆರಡು ಮಂದಿ ತಮ್ಮ ಕೈಯಿಂದ ಉಣ್ಣಲಾರರು. ನುಂಗುವ ಶಕ್ತಿ ಕುಂದಿದವರಿಗೆ ತುತ್ತು ತುತ್ತಾಗಿ ಉಣಿಸಲು ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷಗಳಾದರೂ ಬೇಕು. ಒಟ್ಟು 240 ನಿಮಿಷಗಳು, ಅಂದರೆ ನಾಲ್ಕು ಗಂಟೆಗಳು. ರಾತ್ರಿಭೋಜನತ್ಯಾಗದ ನಿಯಮವುಳ್ಳವರು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಬೇಕು. ಅಡುಗೆ ಐದು ಗಂಟೆಗೆ ಸಿದ್ಧವಾಗಿ ಆರು ಗಂಟೆಗೆ ಸೂರ್ಯನು ಮುಳುಗುವುದಾದರೆ, ಆ ಒಂದು ಗಂಟೆಯಲ್ಲಿ ಉಣಿಸಲು ನಾಲ್ವರು ಬೇಕು. ಇರುವವರು ಇಬ್ಬರೇ ಆದರೆ ಆರು ಮಂದಿಯ ಊಟ ಮುಗಿಯುವಷ್ಟರಲ್ಲಿ ಬೆಳಕು ಹೋಗುತ್ತದೆ. ಉಳಿದ ಆರು ಮಂದಿಯ ಗತಿಯೇನು? ಒಂದೋ ಅವಸರದಿಂದ ತುರುಕಿ ತುತ್ತು ಗಂಟಲಿಗೆ ಸಿಕ್ಕುವ ಅಪಾಯವನ್ನು ತಂದುಕೊಳ್ಳಬೇಕು, ಇಲ್ಲವೆ ಕತ್ತಲಾದ ಮೇಲೆ ಉಣಿಸಿ ಅವರ ವ್ರತವನ್ನು ಕೆಡಿಸಬೇಕು, ಇಲ್ಲವೆ ಹಾಗೆಯೇ ಮಲಗಿಸಬೇಕು. ನಾಲ್ಕು ದಶಕಗಳ ಕಾಲ ನಿಯಮವನ್ನು ಪಾಲಿಸಿದ ಮುದುಕಿಯೊಬ್ಬಳು “ನನಗೆ ಇಂದು ಬೇಡಮ್ಮ” ಎಂದು ಬಾಯಿ ಮುಚ್ಚಿದರೆ ನೋಡಿದವರು ಆಕೆಯ ವ್ರತನಿಷ್ಠೆಯನ್ನು ಕೊಂಡಾಡಬಹುದು. ಆ ದೃಢತೆಯ ಫಲ ಆಕೆಯದು. ಅನ್ನಪಾನನಿರೋಧದ ದೋಷ ಆ ಇಕ್ಕಟ್ಟನ್ನು ತಂದಿಟ್ಟವರದು.

ನೀರಿನ ಸಂಗತಿಯೂ ಹೀಗೆಯೇ. ರಾತ್ರಿ ಶೌಚಕ್ಕೆ ಕರೆದರೆ ಯಾರೂ ಬರುವುದಿಲ್ಲವೆಂದು ತಿಳಿದ ವೃದ್ಧರು ಮಧ್ಯಾಹ್ನದಿಂದಲೇ ನೀರನ್ನು ಕಡಿಮೆ ಮಾಡುತ್ತಾರೆ. ನಾಲಗೆ ಒಣಗುತ್ತದೆ, ಮೂತ್ರ ಉರಿಯುತ್ತದೆ, ಕೆಲವೊಮ್ಮೆ ಬುದ್ಧಿಭ್ರಮಣೆಯೂ ಆಗುತ್ತದೆ. ಇದು ತ್ಯಾಗವಲ್ಲ, ಭಯ.

ಇನ್ನು ರಾತ್ರಿಯ ಪಾಳಿ. ಮಗ್ಗುಲು ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಹಾಸಿಗೆಹುಣ್ಣಾಗುತ್ತದೆ. ಅಂಥವರು ಎಂಟು ಮಂದಿಯಿದ್ದು, ರಾತ್ರಿಯ ಹತ್ತು ಗಂಟೆಗಳಲ್ಲಿ ಐದು ಸಲ ಹೊರಳಿಸುವುದಾದರೆ ನಲವತ್ತು ಸಲದ ಕೆಲಸ. ತೊಯ್ದ ಬಟ್ಟೆ ಬದಲಿಸುವುದೂ ಸೇರಿ ಹತ್ತು ಹತ್ತು ನಿಮಿಷವೆಂದರೂ 400 ನಿಮಿಷಗಳು. ಭಾರವಾದ ದೇಹವನ್ನು ಹೊರಳಿಸಲು ಇಬ್ಬರು ಬೇಕು. ಇರುವವಳೋ ಒಬ್ಬಳೇ ಆಯಾ. ಮಿಕ್ಕ ಇಪ್ಪತ್ತೆರಡು ಮಂದಿಯ ಕರೆಗಳಿಗೂ ಅವಳೇ ಓಡಬೇಕು. ಅವಳು ಎಷ್ಟೇ ಕರುಣಾಳುವಾಗಿರಲಿ, ಈ ಲೆಕ್ಕವು ಸರಿಹೋಗದು.

ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಇವುಗಳಲ್ಲಿ ಹೊಡೆಯುವುದೂ ಅಂಗಚ್ಛೇದವೂ ಎಲ್ಲರ ಕಣ್ಣಿಗೆ ಕಾಣುವ ಕ್ರೌರ್ಯಗಳು. ಉಳಿದ ಮೂರು ಸದ್ದಿಲ್ಲದೆ ಆಶ್ರಮದೊಳಕ್ಕೆ ಬರುತ್ತವೆ. ಆಯಾಳ ಮೇಲೆ ಶಕ್ತಿಮೀರಿದ ಹೊರೆಯನ್ನು ಹೊರಿಸುವುದು ಅತಿಭಾರಾರೋಪಣ. ಆ ಹೊರೆಯಿಂದ ಅವಳು ಸಕಾಲದಲ್ಲಿ ಉಣಿಸಲಾರದೆ ಹೋಗುವುದು ಅನ್ನಪಾನನಿರೋಧ. ಎದ್ದು ಬೀಳುವರೆಂಬ ಅಂಜಿಕೆಯಿಂದ ಮುದುಕರನ್ನು ಮಂಚಕ್ಕೆ ಕಟ್ಟಿಹಾಕುವುದು ಬಂಧ. ಇವು ಒಂದರ ಬೆನ್ನಿಗೆ ಇನ್ನೊಂದು ಬರುವಂಥವು. ಮೊದಲನೆಯದನ್ನು ತಡೆದರೆ ಉಳಿದೆರಡು ಬಹುಮಟ್ಟಿಗೆ ತಡೆಯಲ್ಪಡುತ್ತವೆ.

ಹಾಗಾದರೆ ದೋಷವು ಯಾರಿಗೆ? ಜನರು ಸಾಮಾನ್ಯವಾಗಿ ಆಯಾಳನ್ನು ದೂರುತ್ತಾರೆ. ಶಾಸ್ತ್ರವಾದರೋ ತಾನು ಮಾಡಿದುದು, ಮಾಡಿಸಿದುದು, ಮಾಡುವವರನ್ನು ಒಪ್ಪಿದುದು ಎಂದು ಕೃತ, ಕಾರಿತ, ಅನುಮೋದನ ಮೂರನ್ನೂ ಎಣಿಸುತ್ತದೆ. ಸಂರಂಭಾದಿ ಮೂರು, ಯೋಗಗಳು ಮೂರು, ಈ ಕೃತಾದಿಗಳು ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ಬರುವ 108 ಭೇದಗಳು ಜಪಮಾಲೆ ಹಿಡಿಯುವ ಎಲ್ಲರಿಗೂ ತಿಳಿದವೇ. ನಾಲ್ವರು ಬೇಕಾದಲ್ಲಿ ಇಬ್ಬರನ್ನು ನೇಮಿಸಿದ ವ್ಯವಸ್ಥಾಪಕ ಮಂಡಳಿಗೆ ಕಾರಿತದ ಪಾಲಿದೆ. ಕಡಿಮೆ ಹಣದಲ್ಲಿ ನಡೆಯುತ್ತಿದೆಯಲ್ಲವೆಂದು ಮೆಚ್ಚಿ ಸುಮ್ಮನಿರುವ ದಾನಿಗಳಿಗೂ ಮಕ್ಕಳಿಗೂ ಅನುಮೋದನದ ಪಾಲಿದೆ.

ಸೇವಕರ ಸಂಖ್ಯೆಯನ್ನು ಕುರಿತ ಚಿಂತೆ ಹೊಸದೆಂದು ಭಾವಿಸಬಾರದು. ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನಾನಿರತನಾದ ಕ್ಷಪಕನಿಗೆ 48 ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ. ಏಳಿಸಿ ಕೂರಿಸಲು ನಾಲ್ವರು, ಧರ್ಮಕಥೆ ಹೇಳಲು ನಾಲ್ವರು, ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ಮಲಮೂತ್ರಗಳನ್ನು ತೆಗೆಯಲು ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು, ಹೀಗೆ ಒಂದೊಂದು ಕಾರ್ಯಕ್ಕೂ ವಿಂಗಡಣೆಯಿದೆ. ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕೆಳಗೆ ಇಳಿಸಲಾಗದು. ಒಬ್ಬನೇ ಇದ್ದರೆ ಅವನು ಆಹಾರಕ್ಕೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ. ಹೋಗದಿದ್ದರೆ ಅವನೇ ನಾಶವಾಗುತ್ತಾನೆ. ಆಚಾರ್ಯರ ದೃಷ್ಟಿ ಎಷ್ಟು ಸಮವಾದುದೆಂಬುದನ್ನು ಗಮನಿಸಿರಿ. ಸೇವೆ ಪಡೆಯುವವನ ಹಿತದೊಡನೆ ಸೇವೆ ಮಾಡುವವನ ಹಸಿವನ್ನೂ ಅವರು ಎಣಿಕೆಗೆ ತಂದಿದ್ದಾರೆ. ಆಶ್ರಮವಾಸಿಗಳು ಕ್ಷಪಕರಲ್ಲ, ಆಯಾಗಳು ಮುನಿಗಳಲ್ಲ, ನಿಜ. ಆದರೂ ಒಬ್ಬರ ಮೇಲೆಯೇ ಬಿಡಬಾರದೆಂಬುದಕ್ಕೆ ಹೇಳಿದ ಕಾರಣವು ಇಬ್ಬರಿಗೂ ಒಂದೇ.

ಇಂದಿನ ಶಾಸನಗಳು ಈ ವಿಷಯದಲ್ಲಿ ಹಿಂದುಳಿದಿವೆ. 2007ರ ಮಾತಾಪಿತೃಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ 19ನೆಯ ಪ್ರಕರಣವು ಪ್ರತಿ ಜಿಲ್ಲೆಗೂ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮವನ್ನು ಹೇಳಿ, ಅದರ ಗುಣಮಟ್ಟವನ್ನು ರಾಜ್ಯಗಳ ಯೋಜನೆಗೆ ಬಿಟ್ಟಿತು. ಮಂಚಗಳ ಸಂಖ್ಯೆ ಅಲ್ಲಿದೆ, ಕೈಗಳ ಸಂಖ್ಯೆ ಇಲ್ಲ. ಕನಿಷ್ಠ ಗುಣಮಟ್ಟವನ್ನು ಗೊತ್ತುಪಡಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆಯು 2024ರಲ್ಲಿ ಆ ಸಭೆಯ ಅವಧಿಯೊಡನೆಯೇ ಬಿದ್ದುಹೋಯಿತು. ಧನಿಕ ರಾಷ್ಟ್ರವಾದ ಅಮೆರಿಕವು ಅನುಕೂಲಕ್ಕಾಗಿಯೋ ಶಿಕ್ಷೆಗಾಗಿಯೋ ರೋಗಿಗಳನ್ನು ಕಟ್ಟಿಹಾಕಬಾರದೆಂದು 1987ರಲ್ಲಿಯೇ ಶಾಸನ ಮಾಡಿತು. 2024ರಲ್ಲಿ ಅಲ್ಲಿಯ ಕೇಂದ್ರ ಸರಕಾರವು ಶುಶ್ರೂಷಾಲಯದ ಪ್ರತಿಯೊಬ್ಬ ನಿವಾಸಿಗೂ ದಿನಕ್ಕೆ ಸರಾಸರಿ 3.48 ಗಂಟೆಗಳ ಶುಶ್ರೂಷೆ ಸಲ್ಲಬೇಕೆಂದು ನಿಯಮಿಸಿತು. ಅಷ್ಟು ಜನರೂ ಹಣವೂ ಇಲ್ಲವೆಂದು ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2025ರ ಏಪ್ರಿಲಿನಲ್ಲಿ ಟೆಕ್ಸಾಸಿನ ನ್ಯಾಯಾಲಯವೊಂದು ಅದನ್ನು ರದ್ದುಗೊಳಿಸಿತು. ಜುಲೈಯಲ್ಲಿ ಬಂದ ಶಾಸನವೊಂದು 2034ರವರೆಗೆ ಅದಕ್ಕೆ ತಡೆಯನ್ನೂ ಹಾಕಿತು. ಸರಕಾರವು ನಿಯಮಿಸಿದುದನ್ನು ಸರಕಾರವೇ ಸಡಿಲಿಸಬಹುದು. ಶ್ರಾವಕನು ತಾನೇ ಕೈಕೊಂಡ ನಿಯಮಕ್ಕೆ ಆ ಬಾಧೆಯಿಲ್ಲ.

ಇಲ್ಲಿ ಒಂದು ಶಂಕೆ: ಸಂಬಳಕ್ಕಾಗಿ ಮಾಡುವ ಸೇವೆಯು ವೈಯಾವೃತ್ಯವಾದೀತೇ? ಸಮಾಧಾನ: ವಾಂತಿಯನ್ನು ಅಸಹ್ಯಪಡದೆ ತೊಳೆದ ಉದ್ದಾಯನ ಮಹಾರಾಜನನ್ನು ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ಆ ಕೆಲಸವನ್ನು ದಿನವೂ ಹತ್ತು ಸಲ ಮಾಡುವವಳು ತಿಂಗಳಿಗೊಮ್ಮೆ ವೇತನ ಪಡೆದ ಮಾತ್ರಕ್ಕೆ ಅದರ ಬೆಲೆ ಕುಂದದು. ಭಾವವನ್ನು ಅಳೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಅವಳಿಗೆ ಬದುಕಲು ಸಾಲುವ ವೇತನ, ವಿಶ್ರಾಂತಿ, ಜೊತೆಗೊಬ್ಬಳು ಸಂಗಾತಿ.

ಇನ್ನೊಂದು ಶಂಕೆ: ಕಟ್ಟಡ ಕಟ್ಟಿಸಿಕೊಟ್ಟವರು ಧರ್ಮ ಮಾಡಲಿಲ್ಲವೇ? ಅವಶ್ಯವಾಗಿ ಮಾಡಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಾಲ್ಕನೆಯ ಶಿಕ್ಷಾವ್ರತವೆಂದು ಹೇಳಿ, ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನವೆಂದಿದ್ದಾರೆ. ಆದರೆ ಅಲ್ಲಿಯೇ ಕಾಲೊತ್ತುವುದನ್ನೂ ಹೇಳಿದ್ದಾರೆ. ಅದು ಸಂಯಮಿಗಳನ್ನು ಕುರಿತ ಮಾತು. ಕರುಣಾದಾನದಲ್ಲಿಯೂ ಅದೇ ಕ್ರಮವನ್ನು ಅನುಸರಿಸಲು ಅಡ್ಡಿಯಿಲ್ಲ. ಹೆಸರು ಕೆತ್ತಿದ ಅಮೃತಶಿಲೆಯ ಫಲಕವು ಯಾರ ಕಾಲನ್ನೂ ಒತ್ತದು.

ಆದುದರಿಂದ ಧರ್ಮಬಂಧುಗಳಲ್ಲಿ ಒಂದು ವಿಜ್ಞಾಪನೆ. ದಶಲಕ್ಷಣಪರ್ವದಲ್ಲಿ ಉಪವಾಸದ ನಿಯಮ ಕೈಕೊಳ್ಳುವವರು ಅದರೊಡನೆ ಇನ್ನೊಂದು ನಿಯಮವನ್ನೂ ಕೈಕೊಳ್ಳಲಿ. ಸಮೀಪದ ಆಶ್ರಮವೊಂದಕ್ಕೆ ಸಂಜೆ ಐದು ಗಂಟೆಗೆ ಹೋಗಿ, ಉಣಿಸುವವರು ಎಷ್ಟು ಮಂದಿ, ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ, ಅವರ ವಾರದ ರಜೆಯಂದು ಬದಲಿಗೆ ಬರುವವರು ಯಾರು ಎಂದು ವಿಚಾರಿಸಲಿ. ಒಬ್ಬಳೇ ಇದ್ದರೆ, ನಾಲ್ಕಾರು ಮನೆಯವರು ಕೂಡಿ ಎರಡನೆಯವಳ ಒಂದು ವರ್ಷದ ವೇತನವನ್ನು ವಹಿಸಿಕೊಳ್ಳಲಿ. ನಮ್ಮ ಅನಶನವು ನಮ್ಮ ಇಚ್ಛೆಯಿಂದ ಆಗುವಂತೆ, ಅಲ್ಲಿಯ ವೃದ್ಧರು ಬಿಡುವ ಊಟವೂ ಅವರವರ ಇಚ್ಛೆಯಿಂದಲೇ ಬಿಟ್ಟುದಾಗಲಿ.